ಐದು ನಿಮಿಷದ ಸೆಟ್, ಹನ್ನೊಂದನೇ ವಾರ: ಚಪ್ಪಾಳೆ ಕಾಟ

ಕೊನೆಗೂ ನಕ್ಕರು. ಗುರುವಾರ ರಾತ್ರಿ, ಇಂದಿರಾನಗರದ ಒಂದು ಬ್ರೂವರಿಯ ಮಹಡಿಯಲ್ಲಿ, ಯಾರು ಬೇಕಾದರೂ ಹೆಸರು ಕೊಟ್ಟು ಸ್ಟ್ಯಾಂಡಪ್ ಕಾಮಿಡಿ ಮಾಡೋ ಓಪನ್ ಮೈಕಿನಲ್ಲಿ. ಇದ್ದವರು 26 ಜನ. ಅದರಲ್ಲಿ 9 ಜನ ಸರದಿಗೆ ಕಾಯುತ್ತಿದ್ದ ನಮ್ಮವರೇ, ಅವರು ಹೇಗೂ ನಗಲ್ಲ, ಮೊಬೈಲಿನಲ್ಲಿ ತಮ್ಮ ಸೆಟ್ (ಸ್ಟೇಜ್ ಮೇಲೆ ಹೇಳೋ ಐದು ನಿಮಿಷದ ಸರಕು) ಉರು ಹೊಡೀತಿರ್ತಾರೆ. ಬಾಕಿ 17 ಜನ ಆ 40 ಸೆಕೆಂಡಿಗೆ ನಕ್ಕರು. ಹನ್ನೊಂದು ವಾರ ಕೊರಡಿನ ಹಾಗೆ ಬಿದ್ದಿದ್ದ ಬಿಟ್ (ಸೆಟ್ಟಿನೊಳಗಿನ ಒಂದು ಜೋಕಿನ ತುಂಡು) ಅದು.

ವಿಮೆ ಏಜೆಂಟ್ ಬಿಟ್, ಅಮ್ಮನ ವಾಟ್ಸಾಪ್ ಬಿಟ್ ಎರಡೂ ಸರಿಯಾಗಿ ಕೂತಿವೆ. ಅವುಗಳ ಬಗ್ಗೆ ಬರೆಯಲ್ಲ. ಸೆಟಪ್ (ಜೋಕಿನ ಪೀಠಿಕೆ) ಎಷ್ಟು ಉದ್ದ, ಟ್ಯಾಗ್ (ನಗು ಬಂದ ಮೇಲೆ ಅಂಟಿಸೋ ಬಾಲದ ಸಾಲು) ಎಲ್ಲಿ ಅಂತೆಲ್ಲ ಈ ಕಸುಬಿನವರೇ ಆದ ನಿಮಗೆ ಹೇಳೋದು ಅಗಸೆಬಾಗಿಲಲ್ಲಿ ಊರಿನ ದಾರಿ ಹೇಳಿದ ಹಾಗೆ.

ತೊಂದರೆ ಕೊಟ್ಟಿದ್ದು ಒಂದೇ ಸಾಲು: 'ನಾನು ಕುಡಿಯೋದು ಬಿಟ್ಟು 14 ತಿಂಗಳಾಯ್ತು.' ಇಷ್ಟು ಹೇಳಿದರೆ ಸಾಕು, ಚಪ್ಪಾಳೆ. ಒಂದು ಸಲ ಮುಂದಿನ ಟೇಬಲ್ಲಿನ ಹುಡುಗ ಮಗ್ಗು ಕೆಳಗಿಟ್ಟು, ಎದ್ದು ನಿಂತು ತಟ್ಟಿದ. ಅದಾದ ಮೇಲೆ ಎಂಥ ಪಂಚ್ ಹಾಕಿದರೂ ದಂಡ. ಚಪ್ಪಾಳೆ ತಟ್ಟಿದವನು ಆಗಲೇ ನಮ್ಮ ಹಿತೈಷಿಯಾಗಿಬಿಟ್ಟಿರ್ತಾನೆ. ನಕ್ಕರೆ ಎಲ್ಲಿ ಬೇಜಾರಾಗುತ್ತೋ ಅಂತ ತುಟಿ ಬಿಗಿಹಿಡಿದು, ಆಸ್ಪತ್ರೆಗೆ ಎಳನೀರು ತಂದವರ ಮುಖ ಮಾಡ್ಕೊಂಡು ಕೂತಿರ್ತಾನೆ.

ಏನೆಲ್ಲ ಮಾಡಿ ನೋಡಿದೆ! '14 ತಿಂಗಳು' ತೆಗೆದು 'ಸ್ವಲ್ಪ ದಿನ' ಅಂದೆ. ಚಪ್ಪಾಳೆ ಹೋಯ್ತು, 'ಅಯ್ಯೋ ಪಾಪ' ಬಂತು. 'ಡಾಕ್ಟ್ರು ಬಿಡಿಸಿದ್ರು' ಅಂದೆ. ಇಡೀ ಮಹಡಿಯಲ್ಲಿ ಒಬ್ಬರೂ ಮುಂದಿನ ಗುಟುಕು ಎತ್ತಲಿಲ್ಲ, ಮ್ಯಾನೇಜರ್ ಕೌಂಟರಿನಿಂದಲೇ ನನ್ನನ್ನು ಗುರಾಯಿಸಿದ. ಹಳೇ ಚಾಳಿ ಬಿಡದೆ ವಜ್ರಮುನಿ ದನಿಯಲ್ಲಿ ಹೇಳಿದೆ (ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಎರಡು ಹಾಡಿನ ನಡುವೆ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆದವನು ನಾನು). ನಲವತ್ತು ದಾಟಿದ ಇಬ್ಬರು ನಕ್ಕರು. ಅದೂ ವಜ್ರಮುನಿಗೆ. ಉಳಿದ ಮಕ್ಕಳು ನನಗೆ ಗಂಟಲು ಕಟ್ಟಿದೆ ಅಂದುಕೊಂಡರು.

ಎಲ್ಲಿ ಎಡವುತ್ತಿದೀನಿ ಅಂತ ಕೇಳಿಸಿಕೊಂಡಾದರೂ ನೋಡೋಣ ಅಂತ ಎಸ್.ಪಿ. ರಸ್ತೆಗೆ ಹೋಗಿ ಕಾಲರ್ ಮೈಕ್ ತಂದೆ. 1,800 ರೂಪಾಯಿ. 'ಸಾರ್, ಸೂಜಿ ಬಿದ್ರೂ ಕೇಳ್ಸುತ್ತೆ' ಅಂದಿದ್ದ ಅಂಗಡಿಯವನು. ಸೂಜಿ ಕೇಳಿಸಿತು, ಚಮಚ ಕೇಳಿಸಿತು, ಪಕ್ಕದ ರಸ್ತೆಯ ಆಟೋ ಕೇಳಿಸಿತು, ನಗು ಮಾತ್ರ ಇಲ್ಲ. ವಾಪಸ್ ಕೊಡೋಕೆ ಹೋದರೆ ಅಲ್ಲೇ ಪ್ಲೇ ಮಾಡಿ, ಪೂರ್ತಿ ಐದು ನಿಮಿಷ ಗಂಭೀರವಾಗಿ ಕೇಳಿ, 'ಮೈಕ್ ಸರಿಯಾಗೇ ಇದೆ ಸಾರ್, ಜೋಕ್ ಚೆಕ್ ಮಾಡಿ' ಅಂದ. ಅವನನ್ನೇ ಓಪನ್ ಮೈಕಿಗೆ ಹೆಸರು ಬರೆಸಬೇಕು.

ಸಂಘಟಕರದ್ದು ಇನ್ನೊಂದು ಗೋಳು. ದುಡ್ಡಂತೂ ಯಾರೂ ಕೊಡಲ್ಲ, ಅದು ಗೊತ್ತಿರೋದೇ. ಇವರು ಕೊಡೋದು ಕೂಪನ್: ಒಂದು ಮಗ್ ಬಿಯರ್. ಬದಲಿಗೆ ಫ್ರೆಂಚ್ ಫ್ರೈಸ್ ಕೊಡಿ ಅಂದರೆ 'ಸಿಸ್ಟಮ್ಮಲ್ಲಿ ಇಲ್ಲ ಬ್ರೋ.' ನನಗೆ 47, ಅವನಿಗೆ ನನ್ನ ಮಗಳ ವಯಸ್ಸು, ಬ್ರೋ. ಪರ್ಸಿನಲ್ಲಿ ಏಳು ಕೂಪನ್ ಸೇರಿವೆ. ಹರಿದು ಬಿಸಾಕು ಅಂತ, ಕುಡಿತ ಬಿಟ್ಟವರ ಮೀಟಿಂಗಿನ ನನ್ನ ಸ್ಪಾನ್ಸರ್ ಅಣ್ಣ (ನನಗಿಂತ ಮೊದಲೇ ಬಿಟ್ಟು, ಈಗ ನನ್ನ ಬೆನ್ನಿಗೆ ನಿಂತವನು) ಎರಡು ಸಲ ಹೇಳಿ ಆಯ್ತು. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದು ಇದ್ದರೂ ಬಾಟಲಿ ಇರೋ ಕಡೆ ಸುಳೀಬೇಡ ಅಂತ ಅಲ್ಲಿ ಹೇಳಿಕೊಡ್ತಾರೆ. ಆದರೆ ಓಪನ್ ಮೈಕಿಗೆ ಹೆಸರು ಕೊಡೋಕೆ ಈ ನಾಲ್ಕೇ ಅಲ್ಲವಾ ಅರ್ಹತೆ? ಒಂದು ರಾತ್ರಿ, ಸೆಟ್ ಪೂರಾ ಮುಳುಗಿದ ಮೇಲೆ, ಒಂದು ಕೂಪನ್ ಕೈಯಲ್ಲಿ ಹಿಡಿದು ಕೌಂಟರ್ ಹತ್ತಿರ ಮೂರು ನಿಮಿಷ ನಿಂತಿದ್ದೆ. ಅವಧಿ ಮುಗಿದ ಕೂಪನ್ ಅಂತ ಕೌಂಟರಿನವನೇ ತಿರುಗಿಸಿ ಕಳಿಸಿದ. ಸ್ಪಾನ್ಸರ್ ಅಣ್ಣನಿಗೆ ಇದನ್ನಿನ್ನೂ ಹೇಳಿಲ್ಲ. ಶನಿವಾರ ಹೇಳಬೇಕು.

ರೋಗ ಪತ್ತೆ ಹಚ್ಚಿದ್ದು ಮಗಳು. ತಿಂಗಳ ಎರಡನೇ ಭಾನುವಾರ ಬರ್ತಾಳೆ, ಸೆಕೆಂಡ್ ಪಿಯುಸಿ. ಇಯರ್‌ಫೋನ್ ಹಾಕಿಕೊಂಡು ಆರು ರೆಕಾರ್ಡಿಂಗ್ ಕೇಳಿ, 'ಅಪ್ಪ, ಬಿಟ್ಟೆ ಅಂದ ಮೇಲೆ ನೀನು ನಿಲ್ತೀಯ' ಅಂದಳು.

'ಅವರು ತಟ್ತಾರಲ್ಲ, ಅದಕ್ಕೆ.'

'ಇಲ್ಲಪ್ಪ. ನೀನು ನಿಂತ ಮೇಲೆ ಅವರು ತಟ್ಟೋದು.'

ಅಳೆದು ನೋಡಿದೆ. ಆರರಲ್ಲಿ ಆರರಲ್ಲೂ ಎರಡು ಸೆಕೆಂಡಿಗೆ ಹತ್ತಿರ ಖಾಲಿ. ಜೋಕ್ ಮಧ್ಯೆ ಎರಡು ಸೆಕೆಂಡ್ ಅಂದರೆ ಎಷ್ಟು ದೂರ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹನ್ನೊಂದು ವಾರ ಜನರನ್ನು ಬೈದುಕೊಂಡು ಓಡಾಡಿದವನು, ಅಲ್ಲಿ ಜೋಳಿಗೆ ಹಿಡಿದು ನಿಂತಿದ್ದೆ. ಅವಳಮ್ಮನಿಂದ ಸಿಗದ ಶಹಭಾಸ್‌ಗಿರಿಯನ್ನು ಬ್ರೂವರಿಯವರ ಹತ್ತಿರ ವಸೂಲಿ ಮಾಡ್ತಿದ್ದೆ.

ಆಮೇಲೆ ರಿಪೇರಿ ಒಂದು ಸಂಜೆಯ ಕೆಲಸ. ಬಿಟ್ಟ ಸುದ್ದಿಯನ್ನು ಮುಂಬಾಗಿಲಿಂದ ತೆಗೆದು ಹಿತ್ತಲಿಗೆ ಹಾಕಿದೆ. ಈಗ ಹೀಗಿದೆ:

'ರಾತ್ರಿ 11 ಗಂಟೆ. ಮನೆ ಬಾಗಿಲು. ಬೀಗದ ತೂತು ಸಿಗ್ತಿಲ್ಲ. ಮೇಲೆ ಚುಚ್ಚಿದೆ, ಕೆಳಗೆ ಚುಚ್ಚಿದೆ. ಒಳಗಿಂದ ಅಮ್ಮ: ಕುಡ್ಕೊಂಡು ಬಂದ್ಯೇನೋ? ಇಲ್ಲಮ್ಮ, ಬಿಟ್ಟು ವರ್ಷದ ಮೇಲಾಯ್ತಲ್ಲ. ಹಂಗಾದ್ರೆ ಚಾಳೀಸು ಕಣೋ, ಕಣ್ಣು ತೋರಿಸ್ಕೋ.'

ಬೀಗ ಚುಚ್ಚುವಾಗಲೇ ಕುಡುಕ ಅಂತ ನಗೋಕೆ ಶುರು ಮಾಡಿರ್ತಾರೆ. 'ಬಿಟ್ಟು' ಅನ್ನೋ ಮಾತು ಅಮ್ಮನಿಗೆ ಹೇಳಿದ್ದು, ಅವರಿಗಲ್ಲ. ತಟ್ಟೋಕೆ ಜಾಗವೇ ಇಲ್ಲ. ಟ್ಯಾಗ್: 'ಹತ್ತು ವರ್ಷ ಇದೇ ಬೀಗಕ್ಕೆ ಜಗಳ ಆಡಿ ಹೆಂಡ್ತಿ ಬಿಟ್ಟು ಹೋದ್ಲು. ಪ್ಲಸ್ ಒಂದೂವರೆ ಕನ್ನಡಕದಲ್ಲಿ ಉಳೀತಿದ್ದ ಸಂಸಾರ.'

ಇದು ಪೂರ್ತಿ ಸುಳ್ಳು ಅಂತ ನನಗೂ ಗೊತ್ತು, ಅವಳಿಗಂತೂ ಚೆನ್ನಾಗಿ ಗೊತ್ತು. ಜೋಕಿಗೆ ಅಷ್ಟು ಸುಳ್ಳು ಓಡುತ್ತೆ.

ನಲವತ್ತೇಳಕ್ಕೆ ಇದೆಲ್ಲ ಬೇಕಿತ್ತಾ ಅಂತ ಅಮ್ಮ ಕೇಳಿದಾಗಲೆಲ್ಲ ಅಮೆರಿಕದ ಸ್ಟ್ಯಾಂಡಪ್ ಕಾಮಿಡಿಯನ್ ಮಾರ್ಕ್ ಮ್ಯಾರನ್ ಕಥೆ ಹೇಳ್ತೀನಿ. 1999ರಲ್ಲಿ ಚಟ ಬಿಟ್ಟ ಮನುಷ್ಯ, ಎರಡು ಡೈವೋರ್ಸ್, 2009ರಲ್ಲಿ 45ರ ವಯಸ್ಸಿಗೆ ಕೆಲಸ ಕೈಕೊಟ್ಟಾಗ ಪಾಡ್‌ಕಾಸ್ಟ್ ಹಿಡಿದ. ಲಾಸ್ ಏಂಜಲೀಸಿನ ಅವನ ಗ್ಯಾರೇಜಿಗೆ 2015ರಲ್ಲಿ ಅಧ್ಯಕ್ಷ ಒಬಾಮನೇ ಬಂದು ಕೂತು ಮಾತಾಡಿದರು. ನಮ್ಮ ಗ್ಯಾರೇಜಿಗೆ ಬರೋದು ಮನೆ ಓನರ್, ಬಾಡಿಗೆ ತಡವಾದಾಗ. ಅಲ್ಲದೆ ಅದರೊಳಗೆ ಹಳೇ ಸ್ಪೀಕರ್ ಬಾಕ್ಸುಗಳಿವೆ, ಒಬಾಮ ನಿಂತೇ ಮಾತಾಡಬೇಕು.

ಅಂದಹಾಗೆ ಮುಂದಿನ ಪ್ರಾಜೆಕ್ಟ್ ಆ ಗ್ಯಾರೇಜಿನಲ್ಲೇ: ಒಂದು ಗಂಟೆಯ ಹರಿಕಥೆ. ತಮಾಷೆಯಲ್ಲ. ಗುರುರಾಜುಲು ನಾಯ್ಡು ಅವರ ಕ್ಯಾಸೆಟ್ಟುಗಳನ್ನು ಮತ್ತೆ ಕೇಳ್ತಿದೀನಿ. ಒಬ್ಬನೇ ನಿಂತು, ಹತ್ತು ಪಾತ್ರದ ದನಿ ಮಾಡಿ, ಜನ ತೂಕಡಿಸಿದ ಕೂಡಲೇ ಒಂದು ಉಪಕಥೆ ಎಸೆದು ಎಬ್ಬಿಸಿ, ಆಮೇಲೆ ಬಿಟ್ಟಲ್ಲಿಗೇ ಬಂದು ಸೇರೋದು. ನಾವು ಕಾಲ್‌ಬ್ಯಾಕ್ ಅಂತ ವರ್ಕ್‌ಶಾಪಿಗೆ ದುಡ್ಡು ಕೊಟ್ಟು ಕಲಿಯೋದು ಇದನ್ನೇ. ಬೀಗ, ಅಮ್ಮ, ಕೂಪನ್ ಎಲ್ಲ ಅದರೊಳಗೆ ಉಪಕಥೆಗಳಾಗಿ ಕೂರುತ್ತವೆ. ತಾಳ ಹಾಕೋ ಚಿಟಿಕೆ ಸಿಕ್ಕಿದೆ. ಹಾರ್ಮೋನಿಯಂ ಅಂತ ಒಬ್ಬ ತೋರಿಸಿದ್ದಕ್ಕೆ ತಿದಿಯಲ್ಲಿ ತೂತು, ನನ್ನ ಹಾಗೇ ಏದುಸಿರು ಬಿಡುತ್ತೆ. ಅದಕ್ಕೆ ಅವನು ಹೇಳಿದ ರೇಟು ಕೇಳಿ ನನ್ನ ತಿದಿಯೂ ನಿಂತಿತು.

ಅಷ್ಟರಲ್ಲಿ ಗುರುವಾರದ ಸೆಟ್ಟಿನಲ್ಲಿ ಹೊಸ ತೊಂದರೆ. ಅಮ್ಮನ ಕಾಟಕ್ಕೆ ನಿಜವಾಗಿಯೂ ಕಣ್ಣು ತೋರಿಸಿದೆ. ಓದೋದಕ್ಕೆ ಪ್ಲಸ್ ಒಂದೂವರೆ ಅಂತ ಜೋಕಿನಲ್ಲಿ ಇದ್ದಿದ್ದೇ ಬಂತು, ಅದರ ಜೊತೆಗೆ ದೂರಕ್ಕೂ ಒಂದು ನಂಬರ್ ಹತ್ತಿದೆ. ಹೊಸ ಕನ್ನಡಕ ಹಾಕ್ಕೊಂಡು ಸ್ಟೇಜ್ ಹತ್ತಿದೆ ನೋಡಿ, ಹನ್ನೊಂದು ವಾರದಲ್ಲಿ ಮೊದಲ ಸಲ ಎರಡನೇ ಸಾಲಿನವರ ಮುಖಗಳು ಕಂಡವು. ಒಬ್ಬ ಆಕಳಿಸ್ತಿದ್ದ. ಇನ್ನೊಬ್ಬಳು ನನ್ನ ಚಪ್ಪಲಿ ನೋಡ್ತಿದ್ದಳು. ವಿಮೆ ಬಿಟ್ ಅರ್ಧಕ್ಕೆ ಮರೆತೇ ಹೋಯ್ತು. ಮುಂದಿನ ವಾರ ಕನ್ನಡಕ ಜೇಬಿಗೆ ಹಾಕ್ಕೊಂಡು ಹತ್ತಿ ನೋಡ್ತೀನಿ. ಟೈಮ್ ಮುಗೀತು ಅಂತ ತೋರಿಸುವ ಕೆಂಪು ಲೈಟ್ ಕಾಣಲ್ಲ ಅನ್ನೋದೊಂದೇ ಯೋಚನೆ.