ಅಂಗಳದ ಸೊಪ್ಪಿನ ಊಟ

ಇವತ್ತಿನ ಅಡುಗೆಗೆ ಅಂಗಳದ ಗೋಣಿ ಸೊಪ್ಪು. ಯಾರೂ ಬಿತ್ತಿದ್ದಲ್ಲ, ನೀರು ಹಾಕಿ ಬೆಳೆಸಿದ್ದೂ ಅಲ್ಲ. ಮಳೆ ಬಿದ್ದ ಮೇಲೆ ತಾನಾಗಿ ಹಬ್ಬಿಕೊಂಡಿತ್ತು. ಎಳೆ ಕುಡಿಗಳನ್ನು ಮಾತ್ರ ಚಿವುಟಿ, ಮಣ್ಣು ಹೋಗುವ ತನಕ ತೊಳೆದು, ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಾಡಿಸಿದೆ. ಬೇಯಿಸೋಕೆ ಬೇರೆ ನೀರು ಬೇಡ, ಎಲೆಯಲ್ಲೇ ಬೇಕಾದಷ್ಟಿದೆ.

ಈ ಗಿಡದ ಒಂದು ಗುಣ ನನಗೆ ತುಂಬಾ ಇಷ್ಟ. ಬೆಳಿಗ್ಗೆ ಕಿತ್ತರೆ ಹುಳಿ ಜಾಸ್ತಿ, ಸಂಜೆ ಕಿತ್ತರೆ ಕಡಿಮೆ. ನೀರಿನ ಕೊರತೆ ಆದಾಗ ಇದು ರಾತ್ರಿ ಹೊತ್ತು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಮ್ಯಾಲಿಕ್ ಆಮ್ಲ ಎಂಬ ಹುಳಿಯಾಗಿ ಕೂಡಿಡುತ್ತದೆ. ಹಗಲಲ್ಲಿ ಬಿಸಿಲು ಬಂದಾಗ ಅದನ್ನೇ ಬಳಸಿಕೊಳ್ಳುತ್ತದೆ. ಸುಮ್ನೆ ತುಳಿದುಕೊಂಡು ಓಡಾಡುವ ಗಿಡದೊಳಗೆ ಇಷ್ಟೆಲ್ಲ ನಡೆಯುತ್ತದೆ. ಆಶ್ಚರ್ಯ ಅಲ್ವಾ?

ಕೀಳುವಾಗ ಮಾತ್ರ ಹುಷಾರು. ನೆಲಕ್ಕೆ ಅಂಟಿಕೊಂಡೇ ಬೆಳೆಯುವ, ನೋಡೋಕೆ ಹೀಗೇ ಕಾಣುವ ಇನ್ನೊಂದು ಗಿಡ ಇದೆ. ಅದರ ಕಾಂಡ ಮುರಿದರೆ ಬಿಳಿ ಹಾಲು ಬರುತ್ತದೆ. ಅದನ್ನು ತಿನ್ನಬಾರದು. ಗೋಣಿ ಸೊಪ್ಪಿನ ಕಾಂಡ ದಪ್ಪ, ನುಣುಪು, ಹಾಲು ಬರುವುದಿಲ್ಲ. ಗುರುತು ಖಚಿತವಿಲ್ಲದ ಸೊಪ್ಪನ್ನು, ಕಳೆನಾಶಕ ಹೊಡೆದ ಜಾಗದ್ದನ್ನು ನಾನು ಮುಟ್ಟುವುದೇ ಇಲ್ಲ. ಗೋಣಿ ಸೊಪ್ಪಿನಲ್ಲಿ ಆಕ್ಸಲೇಟ್ ಎಂಬ ಅಂಶ ಕೂಡ ಜಾಸ್ತಿ. ಕಿಡ್ನಿಯಲ್ಲಿ ಕಲ್ಲಿನ ತೊಂದರೆ ಇರುವವರು ದೂರ ಇರುವುದೇ ಒಳ್ಳೆಯದು.

ಬೇಲಿ ಪಕ್ಕ ಮುಳ್ಳು ಹರಿವೆಯೂ ಚಿಗುರಿದೆ. ಮುಳ್ಳು ಬಲಿಯುವ ಮೊದಲೇ ಕುಡಿ ಕಿತ್ತುಕೊಳ್ಳಬೇಕು. ನಾಳೆ ಅದರ ಪಲ್ಯ.