ಅರ್ಧಕ್ಕೆ ನಿಂತ ಹಾಡುಗಳು: ಹದಿನಾಲ್ಕು ಕ್ಯಾಸೆಟ್‌ಗಳ ದಿನಚರಿ

ಮೊದಲ ಭಾನುವಾರ

ಶೂ ಪೆಟ್ಟಿಗೆಯನ್ನು ಕೊನೆಗೂ ಕೆಳಗಿಳಿಸಿದೆ. ಒಳಗೆ ಹದಿನಾಲ್ಕು ಕ್ಯಾಸೆಟ್. ಹನ್ನೊಂದು ಸಿ-60 (ಬದಿಗೆ 30 ನಿಮಿಷ), ಮೂರು ಸಿ-90 (ಬದಿಗೆ 45 ನಿಮಿಷ). ಎಲ್ಲವೂ 1983ರಿಂದ 86ರ ನಡುವೆ ನಾನೂ ಅಕ್ಕನೂ ರೇಡಿಯೊದಿಂದ ತುಂಬಿಸಿಕೊಂಡ ಪಾಪ್ ಹಾಡುಗಳು. ಶುರು ಮಾಡಿದಾಗ ನನಗೆ ಹದಿಮೂರು, ಅವಳಿಗೆ ಹದಿನಾರು.

ಯಾವ ಹಾಡು ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತಿರಲಿಲ್ಲ. ಒಂದು ಬೆರಳು ರೆಕಾರ್ಡ್ ಗುಂಡಿಯ ಮೇಲೆ, ಇನ್ನೊಂದು ಪ್ಲೇ ಮೇಲೆ, ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ‘ಇದು ಬೇಕು’ ಅನ್ನಿಸುವಷ್ಟರಲ್ಲಿ ನಾಲ್ಕೈದು ಸೆಕೆಂಡ್ ಹೋಗಿರುತ್ತಿತ್ತು. ಕೊನೆಯಲ್ಲಿ ನಿರೂಪಕರು ಬಾಯಿ ತೆರೆದ ತಕ್ಷಣ ನಿಲ್ಲಿಸಿಬಿಡುತ್ತಿದ್ದೆವು. ಹಾಡಿನ ಹೆಸರು, ಹಾಡಿದವರ ಹೆಸರು ಇರುತ್ತಿದ್ದದ್ದು ಆ ಮಾತಿನಲ್ಲೇ. ಅದನ್ನೇ ಕತ್ತರಿಸಿದ್ದೇವೆ.

ಹಾಗಾಗಿ ಒಳಗಿನ ಕಾರ್ಡುಗಳ ಮೇಲೆ ಇರುವುದು ನಾವೇ ಇಟ್ಟ ಹೆಸರುಗಳು. ‘ಬಲೂನ್’. ‘ರಾತ್ರಿ ಹಾಡು’. ‘ಶಿಳ್ಳೆ 2’. ಒಂಬತ್ತನೇ ಕ್ಯಾಸೆಟ್‌ನಲ್ಲಿ ‘ಗಂಟೆ ಹಾಡು’ ಅಂತ ಒಂದಿದೆ. ಅದರ ಮುಂದೆ ಅಕ್ಕನ ಅಕ್ಷರದಲ್ಲಿ ‘ಅಳಿಸಬೇಡ’ ಅಂತ ಬರೆದಿದೆ.

ಮಾಡಬೇಕಾದ್ದು ಇಷ್ಟು: ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸುವುದು, ಒಂದೊಂದರ ಹೆಸರು ಹುಡುಕುವುದು, ಸಿಕ್ಕ ಹಾಡನ್ನು ಒಮ್ಮೆ ಪೂರ್ತಿ ಕೇಳುವುದು.

ಆ ಕಾಲದ ದೊಡ್ಡ ಹಿಟ್‌ಗಳು ಬೇಕಾದರೆ ಈಗಲೇ ಸಿಗುತ್ತವೆ. ಅವು ನನ್ನನ್ನು ಅಷ್ಟು ಎಳೆಯುವುದಿಲ್ಲ. ಜಾಹೀರಾತಿನಲ್ಲಿ, ಲಿಫ್ಟಿನಲ್ಲಿ, ಇನ್ನೊಬ್ಬರ ಫೋನಿನಲ್ಲಿ ಅವನ್ನು ಸಾವಿರ ಸಲ ಕೇಳಿದ್ದೇನೆ. ಪ್ರತಿ ಸಲವೂ ಹಳೇ ನೆನಪಿನ ಮೇಲೆ ಹೊಸದೊಂದು ಪದರ ಕೂತಿದೆ. ಆದರೆ ಮೂರು ತಿಂಗಳು ಎಲ್ಲರ ಬಾಯಲ್ಲಿದ್ದು, ಆಮೇಲೆ ಎಲ್ಲೂ ಕೇಳಿಸದೇ ಹೋದ ಹಾಡುಗಳಿವೆಯಲ್ಲ, ಅವುಗಳ ಮೇಲೆ ಬೇರೆ ಏನೂ ಕೂತಿಲ್ಲ. ಅವು ಬರೀ ಆ ಮೂರು ತಿಂಗಳಿಗೆ ಸೇರಿದವು. ನನಗೆ ಬೇಕಾಗಿರುವುದು ಅವೇ.

ಎರಡನೇ ಭಾನುವಾರ

ಕ್ಯಾಸೆಟ್ ಹಾಕುವ ಡೆಕ್ ಬಿಚ್ಚಿದೆ. ಗಾಲಿ ತಿರುಗಿಸುವ ರಬ್ಬರ್ ಬೆಲ್ಟ್ ಕರಗಿ ಟಾರಿನ ಹಾಗೆ ಗಾಲಿಗೆ ಮೆತ್ತಿಕೊಂಡಿತ್ತು. ಹಳೇ ಬೆಲ್ಟ್‌ಗಳ ಪಾಡು ಹೆಚ್ಚಾಗಿ ಇದೇ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿ ಒರೆಸಿ ಇಡೀ ಮಧ್ಯಾಹ್ನ ಹೋಯಿತು. ಹೊಸ ಬೆಲ್ಟ್ ಹಾಕಿದೆ. ಟೇಪಿನ ಸದ್ದು ಓದುವ ಹೆಡ್, ಟೇಪನ್ನು ಒತ್ತಿ ಮುಂದೆ ಓಡಿಸುವ ಪಿಂಚ್ ರೋಲರ್ ಎರಡನ್ನೂ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಅದು ಟೇಪಿನ ಮೇಲಿನ ಪುಡಿ. ಯಾವುದೋ ಹಾಡುಗಳ ಚೂರು ಅಂತಲೇ ಹೇಳಬೇಕು.

ಒಂಬತ್ತನೇ ಕ್ಯಾಸೆಟ್ ಹಾಕಿದರೆ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸಿತು. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ಪ್ಯಾಡ್ ಉದುರಿ ಹೋಗಿತ್ತು. ಗೋಂದು ಒಣಗಿದರೆ ಅದು ಬಿದ್ದುಹೋಗುತ್ತದೆ. ಪುಣ್ಯಕ್ಕೆ ಇದು ಸ್ಕ್ರೂ ಇರುವ ಕ್ಯಾಸೆಟ್, ಅಂಟಿಸಿದ್ದಲ್ಲ. ಇನ್ನೊಂದು ಖಾಲಿ ಕ್ಯಾಸೆಟ್‌ನ ಪ್ಯಾಡ್ ತೆಗೆದು ಇದಕ್ಕೆ ಹಾಕಿದೆ.

ಸಿ-90 ಬಗ್ಗೆ ಜಾಸ್ತಿ ಹುಷಾರಾಗಿದ್ದೇನೆ. ಕ್ಯಾಸೆಟ್‌ನಲ್ಲಿ ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. 45 ನಿಮಿಷಕ್ಕೆ ಲೆಕ್ಕ ಹಾಕಿದರೆ ಸುಮಾರು 129 ಮೀಟರ್ ಆಯಿತು. ಅಷ್ಟನ್ನು ಅದೇ ಡಬ್ಬಿಯಲ್ಲಿ ತುಂಬಬೇಕಾದರೆ ಟೇಪ್ ತೆಳ್ಳಗಿರಲೇಬೇಕು. ಹಾಗಾಗಿ ಬೇಗ ಸುಕ್ಕಾಗುತ್ತದೆ. ಪ್ಲೇ ಒತ್ತುವ ಮೊದಲು ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಿ ನೋಡುತ್ತೇನೆ. ಎಲ್ಲಾದರೂ ಹಿಡಿದುಕೊಂಡಂತೆ ಅನ್ನಿಸಿದರೆ ಅಲ್ಲೇ ನಿಲ್ಲಿಸುತ್ತೇನೆ.

ಮೂರನೇ ವಾರ

ಇಳಿಸುವ ಕೆಲಸ ಮುಗಿಯಿತು. ಒಟ್ಟು 212 ಹಾಡುಗಳು, ಚೂರುಪಾರೂ ಸೇರಿ. ಪ್ರತಿ ಕ್ಯಾಸೆಟ್‌ಗೂ ಹೆಡ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಹೆಡ್‌ನ ಓರೆ ಸರಿಮಾಡಿಕೊಂಡೆ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ಓರೆಯಾಗಿತ್ತೋ ಇದನ್ನೂ ಅಷ್ಟೇ ಓರೆ ಮಾಡಬೇಕು. ಸರಿಯಾದ ಜಾಗ ಸಿಕ್ಕಿದ ಕೂಡಲೇ ತಾಳದ ಸದ್ದು ಸ್ವಚ್ಛವಾಗಿ ಮೇಲೆದ್ದು ಬರುತ್ತದೆ. ಟೇಪಿನ ಸುಂಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಮುಟ್ಟಲಿಲ್ಲ. ನಮ್ಮ ಹಳೇ ರೆಕಾರ್ಡರ್‌ನಲ್ಲಿ ಡಾಲ್ಬಿ ಇರಲಿಲ್ಲ. ಈಗ ಹಾಕಿದರೆ ಸುಂಯ್ ಅನ್ನುವ ಸದ್ದಿನ ಜೊತೆ ಹಾಡಿನ ಮೇಲಿನ ಸ್ವರಗಳೂ ಹೋಗುತ್ತವೆ.

ಹೆಡ್‌ಫೋನ್ ಹಾಕಿಕೊಂಡಾಗ ಒಂದು ವಿಷಯ ಗಮನಕ್ಕೆ ಬಂತು. ಕೆಲವು ಹಾಡುಗಳು ಶುರುವಾಗುವ ಒಂದೆರಡು ಸೆಕೆಂಡ್ ಮೊದಲೇ ಅದೇ ಹಾಡು ತೀರಾ ಮೆಲ್ಲಗೆ, ದೂರದಲ್ಲೆಲ್ಲೋ ಅನ್ನುವಂತೆ ಕೇಳಿಸುತ್ತದೆ. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತ ಪಕ್ಕದ ಸುತ್ತಿಗೆ ಸ್ವಲ್ಪ ಅಂಟುತ್ತದೆ, ಅದರಿಂದ ಆಗುವುದು. ಇದನ್ನು ತೆಗೆಯುವ ಸಾಫ್ಟ್‌ವೇರ್ ಇದೆ. ನಾನು ತೆಗೆಯಲಿಲ್ಲ. ಬರುವ ಹಾಡಿನ ನೆರಳು ಮೊದಲೇ ಬೀಳುವುದು ನನಗೆ ಬಹಳ ಇಷ್ಟವಾಯಿತು.

212ರಲ್ಲಿ 120 ಕೇಳಿದ ತಕ್ಷಣ ಗೊತ್ತಾದವು. 92 ಉಳಿದವು.

ಅದೇ ವಾರ, ಶುಕ್ರವಾರ ರಾತ್ರಿ

ಹಾಡು ಗುರುತಿಸುವ ಆ್ಯಪ್ 92ರಲ್ಲಿ 23ಕ್ಕೆ ಮಾತ್ರ ಹೆಸರು ಹೇಳಿತು. ಇದು ಯಾಕೋ ಸರಿಯಿಲ್ಲ ಅನ್ನಿಸಿತು. ಸದ್ದುಗದ್ದಲದ ನಡುವೆಯೂ ಹಾಡು ಹಿಡಿಯುವ ಆ್ಯಪ್ ಅದು. ನನ್ನ ಟೇಪ್ ಅಷ್ಟೇನೂ ಕೆಟ್ಟಿಲ್ಲ.

ಒಂದು ಹಾಡಿನ ಜೊತೆ ನಾನೂ ಗುನುಗಲು ಹೋದಾಗ ಕಾರಣ ಹೊಳೆಯಿತು. ಶ್ರುತಿ ಮೇಲಿದೆ! ನನಗೆ ನೆನಪಿರುವ ಶ್ರುತಿಗಿಂತ ಹತ್ತಿರ ಹತ್ತಿರ ಅರ್ಧ ಸ್ವರ ಮೇಲೆ. ಈ ಆ್ಯಪ್‌ಗಳು ಹಾಡಿನ ಸದ್ದಿನ ನಕ್ಷೆಯಲ್ಲಿ ಎದ್ದು ಕಾಣುವ ಚುಕ್ಕಿಗಳನ್ನು ಆರಿಸಿ, ಅವುಗಳ ಕಂಪನ ಎಷ್ಟು, ನಡುವೆ ಅಂತರ ಎಷ್ಟು ಅಂತ ಹೋಲಿಸುತ್ತವೆ. ವೇಗ ಬದಲಾದರೆ ಎಲ್ಲ ಚುಕ್ಕಿಗಳೂ ಜಾಗ ಬಿಟ್ಟು ಸರಿಯುತ್ತವೆ. ಮನುಷ್ಯನ ಕಿವಿಗೆ ಅದೇ ಹಾಡು. ಆ್ಯಪ್‌ಗೆ ಬೇರೆಯೇ ಹಾಡು.

ನನ್ನ ಡೆಕ್‌ನ ವೇಗವನ್ನು 3150 ಹರ್ಟ್ಸ್ ಸ್ವರವಿರುವ ಪರೀಕ್ಷಾ ಟೇಪ್ ಹಾಕಿ ಮೊದಲೇ ಸರಿಮಾಡಿದ್ದೆ. ಹಾಗಾದರೆ ತಪ್ಪಿರುವುದು ರೆಕಾರ್ಡ್ ಮಾಡಿದ ಯಂತ್ರ. ಅದು ಎಷ್ಟು ನಿಧಾನವಾಗಿ ಓಡುತ್ತಿತ್ತು ಅಂತ ಇಷ್ಟು ವರ್ಷದ ಮೇಲೆ ತಿಳಿಯುವುದು ಹೇಗೆ?

ಟೇಪಿನಲ್ಲೇ ಉತ್ತರ ಇತ್ತು. ಹಳೇ ರೆಕಾರ್ಡರ್ ಕರೆಂಟಿನ ಗುಂಯ್ ಸದ್ದನ್ನೂ ಹಾಡಿನ ಜೊತೆ ಹಿಡಿದಿಟ್ಟಿತ್ತು. 50 ಹರ್ಟ್ಸ್ ಕರೆಂಟಿನ ಗುಂಯ್ 50ರಲ್ಲಿ, ಅದರ ಎರಡರಷ್ಟು 100ರಲ್ಲಿ ಇರಬೇಕು. ಎರಡು ಹಾಡುಗಳ ನಡುವಿನ ಖಾಲಿ ಜಾಗವನ್ನು ನಕ್ಷೆ ಮಾಡಿ ನೋಡಿದೆ. 100ರ ಹತ್ತಿರ ಒಂದರ ಪಕ್ಕ ಒಂದು, ಎರಡು ಗೆರೆ. ಸರಿಯಾಗಿ 100ರಲ್ಲಿ ಇರುವುದು ನನ್ನ ಈಗಿನ ಡೆಕ್‌ನದು. ಇನ್ನೊಂದು 105ರಲ್ಲಿದೆ. ಅದು ಆ ಕಾಲದ್ದು.

ಅಂದರೆ ಎಲ್ಲವೂ ನೂರಕ್ಕೆ ಐದರಷ್ಟು ವೇಗವಾಗಿ ಕೇಳಿಸುತ್ತಿವೆ. ಆಗ ನಮ್ಮ ರೆಕಾರ್ಡರ್‌ನ ಬೆಲ್ಟ್ ಸಡಿಲವಾಗಿತ್ತೋ ಏನೋ. ಅದರಲ್ಲೇ ತುಂಬಿಸಿ ಅದರಲ್ಲೇ ಕೇಳುತ್ತಿದ್ದರಿಂದ ನಮಗೆ ವ್ಯತ್ಯಾಸ ಗೊತ್ತಾಗಲೇ ಇಲ್ಲ.

ವೇಗ ಇಳಿಸಿ ಮತ್ತೆ ಆ್ಯಪ್‌ಗೆ ಕೇಳಿಸಿದೆ. ಒಂದೇ ರಾತ್ರಿ 38 ಹಾಡುಗಳ ಹೆಸರು ಸಿಕ್ಕಿತು. ಎರಡು ಗಂಟೆಯಾದರೂ ಮಲಗಲಿಲ್ಲ. ಒಂದೊಂದು ಹೆಸರು ಪರದೆಯ ಮೇಲೆ ಬಂದಾಗಲೂ ‘ಓ, ನೀನಾ!’ ಅಂತ ಬಾಯಿಂದ ಬಂದೇ ಬರುತ್ತಿತ್ತು.

ಐದನೇ ವಾರ

ಉಳಿದದ್ದು 31. ಈಗ ನಿಧಾನದ ಕೆಲಸ. ಯಾವ ಕ್ಯಾಸೆಟ್ ಯಾವಾಗಿನದು ಅಂತ ಪಟ್ಟಿ ಮಾಡುತ್ತಿದ್ದೇನೆ. ಗೊತ್ತಿರುವ ಹಾಡುಗಳು ಗೊತ್ತಿಲ್ಲದವಕ್ಕೆ ಸಾಕ್ಷಿ ಹೇಳುತ್ತವೆ. ಬ್ರಿಟನ್‌ನಲ್ಲಿ 1952ರಿಂದ, ಅಮೆರಿಕದಲ್ಲಿ ಹಾಟ್ 100 ಅನ್ನುವ ಹೆಸರಿನಲ್ಲಿ 1958ರಿಂದ ವಾರವಾರದ ಹಿಟ್ ಪಟ್ಟಿಗಳಿವೆ. ಒಂದೇ ಬದಿಯಲ್ಲಿ ಆರು ಹಾಡು ಗೊತ್ತಿದ್ದರೆ, ಆರೂ ಒಟ್ಟಿಗೆ ಪಟ್ಟಿಯಲ್ಲಿದ್ದ ವಾರಗಳನ್ನು ನೋಡಿದರಾಯಿತು. ಏಳನೆಯದೂ ಅಲ್ಲೇ ಎಲ್ಲೋ ಇರಬೇಕು. ಹೀಗೆ ಹುಡುಕಿ 15 ಸಿಕ್ಕಿದವು.

‘ಬಲೂನ್’ ಅಂತ ಬರೆದದ್ದು ಜರ್ಮನಿಯ ನೇನಾ ತಂಡದ ಹಾಡು. ಅದನ್ನು ಇಂಗ್ಲಿಷಿನಲ್ಲಿ ಕೇಳಿದ ಹಾಗೆ ನೆನಪಿತ್ತು. ಟೇಪಿನಲ್ಲಿ ಇರುವುದು 1983ರ ಜರ್ಮನ್ ಮೂಲ. ಇಂಗ್ಲಿಷ್ ರೂಪ 1984ರಲ್ಲಿ ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಮೆರಿಕದಲ್ಲಿ ಜರ್ಮನ್ ರೂಪವೇ ಎರಡನೇ ಸ್ಥಾನ ಮುಟ್ಟಿತು. ಮಾತು ಅರ್ಥವಾಗದೆ ಅಷ್ಟೊಂದು ಜನ ಆ ಹಾಡನ್ನು ಮೆಚ್ಚಿದರು, ನಾವೂ ಅವರ ಜೊತೆಗಿದ್ದೆವು ಅಂತ ಖುಷಿಯಾಯಿತು.

‘ರಾತ್ರಿ ಹಾಡು’ ನನ್ನನ್ನು ಸುಸ್ತು ಮಾಡಿತು. ಅದರ ಮೇಲೆ ಬೇರೆ ಹಾಡು ತುಂಬಿಸಿದ್ದೆವು. ಹನ್ನೊಂದು ಸೆಕೆಂಡ್ ವಾದ್ಯ ಮಾತ್ರ ಉಳಿದಿದೆ. ಗುನುಗಿದರೆ ಹುಡುಕಿಕೊಡುವ ಸೌಲಭ್ಯದಲ್ಲಿ ಪಲ್ಲವಿ ಗುನುಗಿದೆ. ಲಾರಾ ಬ್ರಾನಿಗನ್ ಹಾಡಿದ ‘ಸೆಲ್ಫ್ ಕಂಟ್ರೋಲ್’, 1984 ಅಂತ ಬಂತು. ಹಾಕಿ ಕೇಳಿದೆ. ಟ್ಯೂನ್ ಅದೇ, ಆದರೆ ಹೆಣ್ಣು ಧ್ವನಿ. ನನ್ನ ತಲೆಯಲ್ಲಿರುವುದು ಗಂಡಸಿನ ಧ್ವನಿ. ಅಕ್ಕನಿಗೆ ಫೋನ್ ಮಾಡಿದೆ.

‘ಗಂಡಸು ಕಣೋ, ಸಂಶಯವೇ ಬೇಡ’ ಅಂದಳು. ‘ಅವನ ಧ್ವನಿ ಸ್ವಲ್ಪ ಒಡೆದ ಹಾಗೆ ಇರಲಿಲ್ವಾ?’

ಅವಳು ಹೇಳಿದ್ದು ಸರಿ. ಅದು ಮೂಲದಲ್ಲಿ ಇಟಲಿಯ ಗಾಯಕ ರಾಫ್ ಹಾಡಿದ್ದು. ಅದೇ 1984ರಲ್ಲಿ ಬ್ರಾನಿಗನ್ ಕೂಡ ಹಾಡಿದರು. ಯುರೋಪಿನಲ್ಲಿ ಎರಡೂ ಒಂದೇ ವರ್ಷ ಹಿಟ್ ಆದವು. ಗುನುಗಿ ಹುಡುಕಿದರೆ ಟ್ಯೂನ್ ಸಿಗುತ್ತದೆ. ಧ್ವನಿ ಯಾರದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ರಾಫ್ ಹಾಡಿದ್ದನ್ನು ಪೂರ್ತಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ನಾವು ಅಳಿಸಿಬಿಟ್ಟಿದ್ದ ಹಾಡು ನನ್ನ ತಲೆಯಲ್ಲಿ ಹಾಗೇ ಇತ್ತು.

ಎಂಟನೇ ವಾರ

ಎರಡು ವಾರ ಏನೂ ಬರೆಯಲಿಲ್ಲ. ಕೆಲಸ ನಿಂತಿರಲಿಲ್ಲ. ಏಳು ಹಾಡು ಸಿಕ್ಕವು. ಉಳಿದದ್ದು 9.

ಒಂದು ಸಣ್ಣ ಬೇಸರ. ಹೆಸರು ಸಿಕ್ಕರೂ ಹಾಡು ಸಿಗುವುದಿಲ್ಲ, ಹೀಗೂ ಆಗುತ್ತದೆ. ಕೆಲವು ಗಾಯಕರು ತಮ್ಮ ಹಿಟ್‌ಗಳನ್ನು ವರ್ಷಗಳ ಮೇಲೆ ಮತ್ತೆ ಹಾಡಿ ರೆಕಾರ್ಡ್ ಮಾಡಿದ್ದಾರೆ. ಮೂಲದ ಹಕ್ಕು ಕಂಪನಿಯ ಕೈಯಲ್ಲಿರುವುದು ಅದಕ್ಕೆ ಒಂದು ಕಾರಣ. ಈಗ ಹಾಕಿದರೆ ಆ ಹೊಸದೇ ಬರುತ್ತದೆ. ತಾಳ ಸ್ವಚ್ಛ, ಧ್ವನಿ ಪಳಗಿದ್ದು, ಆದರೆ ಎರಡನೇ ಸಾಲಿನಲ್ಲಿ ಎಳೆಯುತ್ತಿದ್ದ ಉಸಿರು ಇಲ್ಲ. ಆಲ್ಬಮ್‌ನಲ್ಲಿರುವ ಐದು ನಿಮಿಷದ ರೂಪವೂ ನನಗೆ ಹೊಂದುವುದಿಲ್ಲ. ನಾನು ಕೇಳಿದ್ದು ರೇಡಿಯೊಗೆ ಕತ್ತರಿಸಿದ ಮೂರೂವರೆ ನಿಮಿಷದ್ದು. ಅಂಥ ನಾಲ್ಕು ಹಾಡುಗಳಿಗೆ ನನ್ನ ಹಳೇ ಟೇಪೇ ಗತಿ. ಅವನ್ನು ಬೇರೆಯಾಗಿ ಎರಡು ಕಡೆ ಕಾಪಿ ಮಾಡಿಟ್ಟೆ.

ಒಂಬತ್ತರಲ್ಲಿ ನನಗೆ ಮುಖ್ಯವಾದದ್ದು ‘ಗಂಟೆ ಹಾಡು’. 2 ನಿಮಿಷ 40 ಸೆಕೆಂಡ್ ಇದೆ. ಎರಡನೇ ಪಲ್ಲವಿ ಮುಗಿದು, ವಾದ್ಯಗಳೆಲ್ಲ ನಿಂತು, ಹಾಡುವವಳು ಒಬ್ಬಳೇ ಒಂದು ಸ್ವರ ಹಿಡಿಯುತ್ತಾಳೆ. ಅಷ್ಟರಲ್ಲಿ ಟೇಪ್ ಮುಗಿಯುತ್ತದೆ.

ಕಾಲ ಗುರುತಿಸಿದ್ದೇನೆ. ಅದರಲ್ಲಿ ಗಂಟೆಯ ಹಾಗೆ ಕೇಳಿಸುವುದು ಯಮಾಹಾ ಡಿಎಕ್ಸ್7 ಸಿಂಥಸೈಜರ್‌ನ ಎಲೆಕ್ಟ್ರಿಕ್ ಪಿಯಾನೊ. ಆ ವಾದ್ಯ ಬಂದದ್ದೇ 1983ರಲ್ಲಿ. ಅದೇ ಬದಿಯಲ್ಲಿ ಇದಕ್ಕೆ ಮೊದಲು ನಾರ್ವೆಯ ಎ-ಹಾ ತಂಡದ ‘ಟೇಕ್ ಆನ್ ಮಿ’ ಇದೆ. 1984ರಲ್ಲಿ ಮೊದಲ ಸಲ ಬಿಟ್ಟಾಗ ಅದು ಓಡಲಿಲ್ಲ. ಹೊಸದಾಗಿ ಮಾಡಿದ ರೂಪ 1985ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. ಟೇಪಿನಲ್ಲಿರುವುದು ಈ ಹೊಸ ರೂಪ. ಹಾಗಾದರೆ ‘ಗಂಟೆ ಹಾಡು’ 1985ರ ಕೊನೆ ಅಥವಾ 86ರದು. ಆ ತಿಂಗಳುಗಳ ಪಟ್ಟಿಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ.

ಧೈರ್ಯ ಕೊಟ್ಟ ಸಂಗತಿ ಒಂದಿದೆ. 1980ರ ದಶಕದಲ್ಲಿ ಜರ್ಮನಿಯ ಹುಡುಗನೊಬ್ಬ ರೇಡಿಯೊದಿಂದ ಕ್ಯಾಸೆಟ್‌ಗೆ ತುಂಬಿಸಿಕೊಂಡ ಒಂದು ಹಾಡು ಯಾರದು ಅಂತ ಯಾರಿಗೂ ಗೊತ್ತಿರಲಿಲ್ಲ. 2007ರಲ್ಲಿ ಅದು ಇಂಟರ್ನೆಟ್ಟಿಗೆ ಬಂತು. ಸಾವಿರಾರು ಜನ ಹುಡುಕಿದರು. 2024ರ ನವೆಂಬರ್‌ನಲ್ಲಿ ಉತ್ತರ ಸಿಕ್ಕಿತು: ಕೀಲ್ ನಗರದ ಫೆಕ್ಸ್ ಅನ್ನುವ ತಂಡ. ಹದಿನೇಳು ವರ್ಷ! ನನ್ನದು ಇನ್ನೂ ಎಂಟೇ ವಾರ.

ಒಂಬತ್ತನೇ ವಾರ, ಶನಿವಾರ

ಅಕ್ಕ ಬಂದಿದ್ದಾಳೆ. ಹೆಡ್‌ಫೋನ್ ಬೇಡ ಅಂದಳು, ಸ್ಪೀಕರ್‌ನಲ್ಲೇ ಹಾಕಿದೆ. ‘ಗಂಟೆ ಹಾಡು’ ಶುರುವಾದಾಗ ಏನೂ ಮಾತಾಡಲಿಲ್ಲ. ಕಾರ್ಡ್ ಕೈಗೆ ತೆಗೆದುಕೊಂಡು ತನ್ನ ಅಕ್ಷರವನ್ನೇ ನೋಡುತ್ತಿದ್ದಳು.

2.40. ವಾದ್ಯ ನಿಂತಿತು. ಹಾಡುವವಳು ಸ್ವರ ಹಿಡಿದಳು. ಟೇಪ್ ಮುಗಿಯಿತು.

ಅಕ್ಕ ನಿಲ್ಲಿಸಲಿಲ್ಲ. ಆ ಸ್ವರದಿಂದ ಹಾಗೇ ಮೇಲೆ ಹೋಗಿ, ಒಂದು ಕ್ಷಣ ತಡೆದು, ಕೆಳಗಿಳಿದು, ಮತ್ತೆ ಪಲ್ಲವಿಗೆ ಬಂದಳು. ಗುನುಗುತ್ತಲೇ ಇದ್ದಳು.

‘ಅಕ್ಕ, ಆ ಭಾಗ ಟೇಪಿನಲ್ಲಿ ಇಲ್ಲ’ ಅಂದೆ.

‘ಇಲ್ವಾ?’ ಅಂದಳು. ‘ಹಾಗಾದ್ರೆ ನನಗೆ ಹೇಗೆ ಗೊತ್ತು?’

ನನಗೆ ಇದು ಇಷ್ಟು ವರ್ಷವೂ 2.40ಕ್ಕೇ ಮುಗಿಯುತ್ತಿತ್ತು. ಅವಳಿಗೆ ಮುಗಿದಿಲ್ಲ. ಅವಳು ಇದನ್ನು ಎಲ್ಲೋ, ಒಮ್ಮೆಯಾದರೂ, ಪೂರ್ತಿ ಕೇಳಿದ್ದಾಳೆ. ಎಲ್ಲಿ ಅಂತ ನೆನಪಾಗಲಿಲ್ಲ. ‘ಒಂದು ನೀಲಿ ಕುರ್ಚಿ ಇತ್ತು’ ಅಂದಳು. ಸಂಜೆವರೆಗೂ ಯೋಚಿಸಿದಳು. ಅಷ್ಟೇ.

ಅವಳನ್ನು ಮತ್ತೆ ಕೂರಿಸಿ, ಮೈಕ್ ಮುಂದಿಟ್ಟು, 2.30ರಿಂದ ಟೇಪ್ ಹಾಕಿದೆ. ಟೇಪ್ ನಿಂತ ಜಾಗದಿಂದ ಅವಳು ಮುಂದುವರಿಸಿದಳು. 52 ಸೆಕೆಂಡ್. ಎರಡನ್ನೂ ಜೋಡಿಸಿ 213ನೇ ಫೈಲ್ ಅಂತ ಇಟ್ಟಿದ್ದೇನೆ. ನಾಳೆ ಅವಳು ಗುನುಗಿದ ಭಾಗವನ್ನು ಮಾತ್ರ ಹುಡುಕಾಟಕ್ಕೆ ಹಾಕಿ ನೋಡಬೇಕು.