ಐತ್ ಬೂಗ್ಮೇಜ್: ನೀರಿನ ಸರದಿ, ಹುಲ್ಲಿನ ಗಡುವು

ಮರಾಕೇಶ್‌ನಿಂದ ಪೂರ್ವಕ್ಕೆ ಹೊರಟು ದೆಮ್ನಾತ್ ಪಟ್ಟಣದ ಆಲಿವ್ ತೋಪುಗಳನ್ನು ದಾಟಿದ ಮೇಲೆ ರಸ್ತೆಯು ಹೈ ಅಟ್ಲಾಸ್ ಪರ್ವತಗಳ ಮೈಯನ್ನು ಏರತೊಡಗುತ್ತದೆ. ಜುಲೈ ಕೊನೆಯ ಬಿಸಿಲಿಗೆ ಬೆಟ್ಟಗಳೆಲ್ಲ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಅಲ್ಲೊಂದು ಇಲ್ಲೊಂದು ಜೂನಿಪರ್ ಮರ ಮತ್ತು ಅದರ ನೆರಳಿಗೆ ಒತ್ತಿಕೊಂಡು ನಿಂತ ಕುರಿಗಳನ್ನು ಬಿಟ್ಟರೆ ಬಹಳ ದೂರದವರೆಗೆ ಏನೂ ಕಾಣಲಿಲ್ಲ. ಕೊನೆಯ ಘಾಟಿಯನ್ನು ಇಳಿಯುವಾಗ ಮಾತ್ರ ಕೆಳಗೆ ಹಸಿರು ಪಟ್ಟಿಯೊಂದು ಕಾಣಿಸಿತು. ಅದೇ ಮೊರಾಕ್ಕೋದ ಅಜಿಲಾಲ್ ಪ್ರಾಂತಕ್ಕೆ ಸೇರಿದ ಐತ್ ಬೂಗ್ಮೇಜ್ ಕಣಿವೆ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿರುವ ಈ ಕಣಿವೆಯ ದಕ್ಷಿಣಕ್ಕೆ 4,000 ಮೀಟರಿಗೂ ಮಿಕ್ಕಿದ ಮ್ಗೂನ್ ಶಿಖರವಿದೆ. ಪ್ರವಾಸದ ಕೈಪಿಡಿಗಳು ಇದನ್ನು ‘ಸುಖದ ಕಣಿವೆ’ ಎಂದು ಹೊಗಳುತ್ತವೆ. ಅಲ್ಲಿ ಉಳಿದ ದಿನಗಳಲ್ಲಿ ಕಂಡದ್ದನ್ನು ನೆನೆದರೆ ಇದನ್ನು ಕಟ್ಟುಪಾಡುಗಳ ಕಣಿವೆ ಎಂದು ಕರೆಯುವುದೇ ನ್ಯಾಯವೆನಿಸುತ್ತದೆ.

ಹೊರಗಿನವರು ಬೆರ್ಬೆರ್ ಎನ್ನುವ, ತಮ್ಮನ್ನು ತಾವು ಇಮಾಜಿಘನ್ ಎಂದು ಕರೆದುಕೊಳ್ಳುವ ಜನರ ಊರುಗಳು ಇಲ್ಲಿ ಎಲ್ಲಿ ಕುಳಿತಿವೆಯೆಂಬುದನ್ನು ಗಮನಿಸಿದರೆ ಅರ್ಧ ಸಂಗತಿ ತಿಳಿಯುತ್ತದೆ. ಒಂದು ಮನೆಯೂ ಹೊಲದ ನಡುವೆ ಇಲ್ಲ. ನೀರು ಹತ್ತುವ ನೆಲವನ್ನೆಲ್ಲ ಬೆಳೆಗೆ ಬಿಟ್ಟು, ಕಾಲುವೆಯ ಮೇಲ್ಭಾಗದ ಒಣ ಇಳಿಜಾರಿಗೆ ಒರಗಿದಂತೆ ಮನೆಗಳನ್ನು ಕಟ್ಟಿದ್ದಾರೆ. ಹಲಗೆಗಳ ನಡುವೆ ಹಸಿಮಣ್ಣನ್ನು ತುಂಬಿ, ದಿಮ್ಮಿಸಿ ಎತ್ತಿದ ದಪ್ಪ ಗೋಡೆಗಳು, ಮರದ ತೊಲೆಗಳ ಮೇಲೆ ಮಣ್ಣು ಹೊದಿಸಿದ ಮಟ್ಟಸ ಮಾಳಿಗೆ, ಕೆಳ ಅಂತಸ್ತಿನಲ್ಲಿ ದನಕುರಿ, ಮೇಲೆ ಜನ. ನಾನು ಇಳಿದುಕೊಂಡ ಮನೆಯಲ್ಲಿ ಪ್ರವಾಸಿಗರ ಕೋಣೆಗೆ ಸಿಮೆಂಟು ಬಳಿದಿದ್ದರು. ಆದರೆ ಮನೆಯವರು ಮಧ್ಯಾಹ್ನ ಮಲಗುತ್ತಿದ್ದುದು ಹಳೆಯ ಮಣ್ಣಿನ ಕೋಣೆಯಲ್ಲೇ, ಏಕೆಂದರೆ ಅದೇ ತಂಪು.

ಕಣಿವೆಗೆ ನೀರು ಬರುವುದು ಸುಣ್ಣಕಲ್ಲಿನ ಬೆಟ್ಟಗಳ ಬುಡದಲ್ಲಿ ಉಕ್ಕುವ ಚಿಲುಮೆಗಳಿಂದ. ಚಳಿಗಾಲದ ಹಿಮ ಕರಗಿ, ಬಂಡೆಯ ಬಿರುಕುಗಳಲ್ಲಿ ಇಂಗಿ, ಬೇಸಿಗೆಯಲ್ಲಿ ಹೊರಬರುವ ಈ ನೀರನ್ನು ತಾರ್ಗಾ ಎಂಬ ಮಣ್ಣಿನ ಕಾಲುವೆಗಳು ಊರಿಂದೂರಿಗೆ ಒಯ್ಯುತ್ತವೆ. ತೂಬು ಎಂಬುದೇನೂ ಇಲ್ಲ. ಹೆಂಟೆ, ಕಲ್ಲು, ಹುಲ್ಲಿನ ಕಂತೆ ಸೇರಿಸಿ ಒಂದು ಮಡೆಯನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತಾರೆ. ಯಾರ ಹೊಲಕ್ಕೆ ಯಾವ ದಿನ, ಎಷ್ಟು ಹೊತ್ತು ನೀರೆಂಬುದನ್ನು ಜಮಾಅ ಎಂಬ ಊರಿನ ಸಭೆ ಗೊತ್ತುಮಾಡುತ್ತದೆ; ಅದರ ನೇಮಕದ ನೀರುಗಂಟಿಯೊಬ್ಬ ಸರದಿ ತಪ್ಪದಂತೆ ನೋಡಿಕೊಳ್ಳುತ್ತಾನೆ. ಸರದಿ ನಡುರಾತ್ರಿ ಬಂದರೆ ನಡುರಾತ್ರಿಯೇ ಗುದ್ದಲಿ ಹಿಡಿದು ಹೋಗಬೇಕು. ಮೊರಾಕ್ಕೋದ ದಕ್ಷಿಣದ ಊರುಗಳಲ್ಲಿ ಈ ಹೊತ್ತನ್ನು ಅಳೆಯಲು ಹಿಂದೆ ತನಸ್ತ್ ಎಂಬ ಸಾಧನವಿತ್ತು: ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಪಾಲು. ನಮ್ಮಲ್ಲಿ ಮುಹೂರ್ತ ನೋಡಲು ಇಡುತ್ತಿದ್ದ ಗಳಿಗೆಬಟ್ಟಲಿನ ಕೆಲಸವೂ ಇದೇ ತತ್ತ್ವದ್ದು; ಅಲ್ಲಿ ಅದು ಹೊಲದ ಬದುವಿನ ಮೇಲೆ ಕುಳಿತು ರೈತರ ಜಗಳ ಬಿಡಿಸುತ್ತಿತ್ತು. ಈಗ ಆ ಕೆಲಸವನ್ನು ಮೊಬೈಲಿನ ಗಡಿಯಾರ ಮಾಡುತ್ತದೆ, ಜಗಳಗಳು ಮಾತ್ರ ಹಾಗೆಯೇ ಇವೆ ಎಂದು ಮನೆಯ ಯಜಮಾನ ನಕ್ಕರು.

ವಸಂತದಲ್ಲಿ ಕಾಲುವೆಯ ಹೂಳೆತ್ತುವಾಗ ಪ್ರತಿ ಮನೆಯಿಂದ ಆಳು ಬರಲೇಬೇಕು. ಕೊಯ್ಲಿಗೂ ಮನೆ ಕಟ್ಟುವುದಕ್ಕೂ ಹೀಗೆಯೇ ಕೂಡಿ ದುಡಿಯುತ್ತಾರೆ. ತ್ವೀಜಾ ಎಂಬ ಈ ಮುಯ್ಯಾಳು ಪದ್ಧತಿಯಲ್ಲಿ ಕೂಲಿಯ ಮಾತಿಲ್ಲ, ಊಟ ಹಾಕುವುದು ಹೊಲದವರ ಹೊಣೆ. ನಾನು ಹೋದಾಗ ಜವೆಗೋಧಿಯ ಕೊಯ್ಲು ಮುಗಿದು ಒಕ್ಕಣೆ ಸಾಗಿತ್ತು. ಊರಿನ ಅಂಚಿನ ಗಾಳಿಬೀಸುವ ದಿನ್ನೆಯ ಮೇಲೆ ಕಲ್ಲುಹಾಸಿನ ದುಂಡನೆಯ ಕಣ, ಅದರ ನಡುವೆ ಮೇಟಿ, ಮೇಟಿಗೆ ಸಾಲಾಗಿ ಕಟ್ಟಿದ ಐದು ಹೇಸರಗತ್ತೆಗಳು. ಮೇಟಿಗೆ ಹತ್ತಿರದ್ದು ಹೆಚ್ಚು ನಡೆಯಬೇಕಾಗಿಲ್ಲವಾದ್ದರಿಂದ ಅಲ್ಲಿ ಮುದಿ ಪ್ರಾಣಿಯನ್ನೂ, ಓಡುತ್ತಲೇ ಇರಬೇಕಾದ ಹೊರತುದಿಗೆ ಹರೆಯದ್ದನ್ನೂ ಕಟ್ಟಿದ್ದರು. ಹಿಂದಿನಿಂದ ಹುಡುಗನೊಬ್ಬ ಕೂಗುತ್ತ ಅಟ್ಟುತ್ತಿದ್ದ. ಇಬ್ಬರು ಹಿರಿಯರು ಮರದ ಕವೆಗೋಲುಗಳಿಂದ ಹೊರಗೆ ಚೆಲ್ಲಿದ ತೆನೆಗಳನ್ನು ಒಳಗೆ ದೂಡುತ್ತಿದ್ದರು. ಸಂಜೆಯ ಗಾಳಿ ಎದ್ದ ಮೇಲೆ ತೂರುವುದು ಶುರುವಾಯಿತು. ಹೊಟ್ಟು ಕೂಡ ಇಲ್ಲಿ ಬೆಲೆಯುಳ್ಳ ವಸ್ತು, ಹಿಮ ಬಿದ್ದ ತಿಂಗಳುಗಳಲ್ಲಿ ಹೇಸರಗತ್ತೆಯ ಮೇವು ಅದೇ. ರಸ್ತೆಯ ಪಕ್ಕದ ಊರುಗಳಿಗೆ ಟ್ರ್ಯಾಕ್ಟರಿನ ಒಕ್ಕಣೆ ಯಂತ್ರವೂ ಬಾಡಿಗೆಗೆ ಬರುತ್ತದೆ. ಇಳಿಜಾರಿನ ಸಣ್ಣ ಕಣಗಳಿಗೆ ಅದು ಏರಲಾರದು.

ಉಳುಮೆ, ಒಕ್ಕಣೆ, ಸಂತೆ ಗಂಡಸರ ಪಾಲಾದರೆ ಮೇವು, ಹಾಲು, ರೊಟ್ಟಿ, ಸೌದೆ ಮತ್ತು ಮಗ್ಗ ಹೆಂಗಸರ ಪಾಲು. ಹೀಗೆ ಒಂದೇ ಸಾಲಿನಲ್ಲಿ ಹೇಳಿದಾಗ ತೂಕ ಸಮವಾಗಿರುವಂತೆ ಕೇಳಿಸುತ್ತದೆ. ಕಣ್ಣಿಗೆ ಹಾಗೆ ಕಾಣಲಿಲ್ಲ. ಬೆಳಗಿನ ಜಾವವೇ ಕುಡುಗೋಲು ಹಿಡಿದು ಹೊರಟ ಹೆಂಗಸರು ಕುದುರೆ ಮಸಾಲೆ ಸೊಪ್ಪನ್ನು ಕೊಯ್ದು, ಹಗ್ಗದಿಂದ ಬಿಗಿದು, ಬೆನ್ನಮೇಲೆ ಹೊತ್ತು ಬರುವಾಗ ಹಿಂದಿನಿಂದ ನೋಡಿದವರಿಗೆ ಹೊರೆಗೆ ಕಾಲು ಬಂದಂತೆ ತೋರುತ್ತದೆ. ಬಂದೊಡನೆ ಒಲೆಯಲ್ಲಿ ಜವೆಯ ರೊಟ್ಟಿ, ಆಮೇಲೆ ಹಸು, ಸಂಜೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕಂಬಳಿಯ ಕೆಲಸ. ಕಣದಲ್ಲಿ ಚಹಾದ ಬಿಡುವಿನಲ್ಲಿ ಹರಟುವ ಗಂಡಸರ ಚಿತ್ರವನ್ನೇ ಹೆಚ್ಚಾಗಿ ತೆಗೆದು ತರುವ ನಮ್ಮಂಥ ಪ್ರವಾಸಿಗರು ಇದನ್ನೂ ಬರೆಯಬೇಕು.

ಬಂದ ಕಾಳನ್ನು ಕಾಯುವುದಕ್ಕೂ ಹಿಂದೆ ಊರೊಟ್ಟಿನ ಏರ್ಪಾಡು ಇತ್ತು. ಕಣಿವೆಯ ನಡುವಿನ ಗುಡ್ಡದ ನೆತ್ತಿಯ ಮೇಲೆ ಸೀದಿ ಮೂಸಾ ಎಂಬ ದುಂಡನೆಯ ಕಣಜವಿದೆ. ಕಿರಿದಾದ ಬಾಗಿಲಿನಿಂದ ಬಗ್ಗಿ ಒಳಹೊಕ್ಕರೆ ಗೋಡೆಯ ಸುತ್ತ ಸಣ್ಣ ಸಣ್ಣ ಖಾನೆಗಳು. ಒಂದೊಂದು ಕುಟುಂಬಕ್ಕೆ ಒಂದೊಂದು. ಬುಡಕಟ್ಟುಗಳ ನಡುವೆ ಕಾದಾಟ ನಡೆಯುತ್ತಿದ್ದ ಕಾಲದಲ್ಲಿ ಇದು ಕೋಟೆಯೂ ಹೌದು. ಸೀದಿ ಮೂಸಾ ಎಂಬ ಸಂತನ ಸಮಾಧಿ ಇಲ್ಲೇ ಇರುವುದರಿಂದ ಕಳ್ಳನಿಗೆ ಕಾವಲುಗಾರನ ಜೊತೆಗೆ ಶಾಪದ ಹೆದರಿಕೆಯೂ ಇರುತ್ತಿತ್ತು. ಈಗ ಖಾನೆಗಳು ಬರಿದಾಗಿವೆ. ಮಕ್ಕಳ ಫಲ ಬೇಡುವ ಹೆಂಗಸರು ಮಾತ್ರ ಇಂದಿಗೂ ಹರಕೆ ಹೊತ್ತು ಗುಡ್ಡ ಹತ್ತುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಗ್ದಾಲ್ ಪದ್ಧತಿ. ಊರೊಟ್ಟಿನ ಹುಲ್ಲುಗಾವಲನ್ನು ಹುಲ್ಲು ಚಿಗುರಿ, ಹೂಬಿಟ್ಟು, ಬೀಜ ಉದುರುವವರೆಗೆ ಮುಚ್ಚಿಟ್ಟು, ಆಮೇಲೆ ಗೊತ್ತಾದ ದಿನ ಎಲ್ಲರಿಗೂ ಒಟ್ಟಿಗೆ ತೆರೆಯುತ್ತಾರೆ. ಮರಾಕೇಶ್‌ನ ದಕ್ಷಿಣಕ್ಕೆ, ಸ್ಕೀ ಆಟಕ್ಕೆ ಹೆಸರಾದ ಊಕೈಮೆದೆನ್ ಪ್ರಸ್ಥಭೂಮಿಯಲ್ಲಿ ಈ ಗಡುವು ರೂಢಿಯಂತೆ ಮಾರ್ಚ್ 15ರಿಂದ ಆಗಸ್ಟ್ 10ರವರೆಗೆ. ಬಲವುಳ್ಳವನು ಮೊದಲೇ ನುಗ್ಗಿ ಮೇಯಿಸುವಂತಿಲ್ಲ. ಬೇಸಿಗೆಯ ಕೊನೆಗೆ ಕೆಳಗಿನ ಹುಲ್ಲೆಲ್ಲ ಒಣಗಿದಾಗ ಮೇಲೆ ಎಲ್ಲರಿಗೂ ಸಾಕಾಗುವ ಮೇವು ಉಳಿದಿರುತ್ತದೆ. ಐತ್ ಬೂಗ್ಮೇಜ್‌ನಲ್ಲಿ ಕಾಡಿನ ಭಾಗಗಳಿಗೂ ಇಂಥ ನಿರ್ಬಂಧವಿದೆ: ಹಿಮದಲ್ಲಿ ಕುರಿಗಳು ಹೊರಗೆ ಹೋಗಲಾಗದ ದಿನಗಳಿಗೆಂದೇ ಓಕ್ ಮತ್ತು ಜೂನಿಪರ್ ಕೊಂಬೆಗಳನ್ನು ಮೀಸಲಿಡುತ್ತಾರೆ. ಇದನ್ನು ಪ್ರಕೃತಿಪ್ರೇಮವೆಂದು ಬಣ್ಣಿಸುವ ಆಸೆ ಪ್ರವಾಸಿಗನಿಗೆ ಸಹಜ. ಹತ್ತಿರದಿಂದ ಕೇಳಿದರೆ ಇದರೊಳಗೆ ಇರುವುದು ಒಬ್ಬರ ಮೇಲೊಬ್ಬರ ಕಣ್ಣು, ದಂಡ, ನೆರೆಯ ಬುಡಕಟ್ಟಿನೊಂದಿಗಿನ ತಲೆಮಾರುಗಳ ತಗಾದೆ. ಅದೇ ಅದರ ಬಲ.

ಆದರೆ ಮಳೆಯೇ ಕೈಕೊಟ್ಟರೆ ಗಡುವುಗಳೂ ಹೆಚ್ಚೇನು ಮಾಡಲಾರವು. ಮೊರಾಕ್ಕೋ ದೇಶ ಸತತ ಆರು ವರ್ಷ ಬರ ಕಂಡು, ಕುರಿಗಳ ಸಂಖ್ಯೆ ಎಷ್ಟು ಕುಸಿಯಿತೆಂದರೆ, 2025ರ ಬಕ್ರೀದ್‌ಗೆ ಬಲಿ ಕೊಡಬೇಡಿರೆಂದು ದೊರೆ ಆರನೇ ಮೊಹಮ್ಮದ್ ಅವರೇ ಪ್ರಜೆಗಳನ್ನು ಕೇಳಿಕೊಂಡರು. ಅದೇ ವರ್ಷದ ಜುಲೈನಲ್ಲಿ ಈ ಕಣಿವೆಯ ಜನ ರಸ್ತೆ, ವೈದ್ಯರು ಮತ್ತು ಮೊಬೈಲ್ ಸಂಪರ್ಕ ಬೇಕೆಂದು ಪ್ರಾಂತದ ಕೇಂದ್ರವಾದ ಅಜಿಲಾಲ್ ಪಟ್ಟಣದತ್ತ ಕಾಲ್ನಡಿಗೆಯಲ್ಲಿ ಹೊರಟು ದೇಶದ ಸುದ್ದಿಯಾದರು. ಹಳೆಯ ಬಾಳುವೆಯನ್ನು ಮೆಚ್ಚಿಕೊಳ್ಳುವ ನಮಗೆ ಅವರ ಬೇಡಿಕೆಗಳ ಪಟ್ಟಿ ಚೆನ್ನಾಗಿ ನೆನಪಿರಬೇಕು.

ತಬಾಂತ್ ಊರಿನ ಭಾನುವಾರದ ಸಂತೆಯಲ್ಲಿ ಈ ಎರಡೂ ಸಂಗತಿಗಳು ಒಟ್ಟಿಗೆ ಸಿಗುತ್ತವೆ. ಹೇಸರಗತ್ತೆಗಳನ್ನು ಕಟ್ಟಿದ ಬಯಲಿನ ಪಕ್ಕದಲ್ಲೇ ವ್ಯಾನುಗಳು. ಲಾಳ ಹೊಡೆಯುವವನ ಪಕ್ಕದಲ್ಲಿ ಸೌರಫಲಕ ಮಾರುವವನು. ಇದೇ ಊರಿನಲ್ಲಿ ಪರ್ವತ ಮಾರ್ಗದರ್ಶಕರನ್ನು ತರಬೇತುಗೊಳಿಸುವ ಸರಕಾರಿ ಕೇಂದ್ರವೂ ಇದೆ. ಹಲವು ಮನೆಗಳಲ್ಲಿ ಈಗ ಹೊಲ ಊಟಕ್ಕಾದರೆ ರೊಕ್ಕ ಬರುವುದು ಚಾರಣಿಗರಿಂದ ಮತ್ತು ಸೇಬಿನಿಂದ. ಜವೆ, ಆಲೂಗಡ್ಡೆ ಬೆಳೆಯುತ್ತಿದ್ದ ನೀರಾವರಿ ಹೊಲಗಳಲ್ಲಿ ಅಕ್ರೋಟಿನ ಹಳೆಯ ಮರಗಳ ಜೊತೆಗೆ ಸೇಬಿನ ಸಾಲುಗಳು ಎದ್ದಿವೆ, ಅವುಗಳ ಬಾಯಾರಿಕೆ ಜವೆಯದಕ್ಕಿಂತ ಹೆಚ್ಚು. ಸೇಬು ಇಳಿಯುವ ತಿಂಗಳಲ್ಲಿ ರಸ್ತೆ ಕೆಟ್ಟು ಲಾರಿ ಬಾರದಿದ್ದರೆ ದಲ್ಲಾಳಿ ಹೇಳಿದ್ದೇ ಬೆಲೆ. ಹೀಗಾಗಿ ಜಮಾಅದಲ್ಲಿ ಈಗಿನ ಚರ್ಚೆ ಸೇಬಿನ ತೋಟಗಳಿಗೆ ಹಳೆಯ ಸರದಿಯ ಲೆಕ್ಕದಲ್ಲೇ ನೀರು ಬಿಡಬೇಕೇ, ಬೇರೆ ಲೆಕ್ಕ ಹಾಕಬೇಕೇ ಎಂಬುದರ ಬಗ್ಗೆ. ನಮ್ಮ ಮನೆಯ ಯಜಮಾನರು ಆ ಸಂಜೆ ಹೋಗಿದ್ದುದು ಅದೇ ಸಭೆಗೆ. ತೀರ್ಮಾನವಾಗದೆ ಮಾತು ಮುಂದಿನ ಶುಕ್ರವಾರದ ನಮಾಜಿನ ನಂತರಕ್ಕೆ ಹೋಯಿತು.